ಮಾವನವರು ಹಿಡಿದ ಪರದೆ

ವರದಿಯಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನ ಡ್ರೈವರ್ ಇಟ್ಟದ್ದು. ಒಳ್ಳೆಯ ಹೆಸರು ಬೇಗ ಅಂಟುವುದಿಲ್ಲ, ಅಡ್ಡಹೆಸರು ಒಮ್ಮೆ ಅಂಟಿತೆಂದರೆ ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಕೊನೆಕೊನೆಗೆ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯತೊಡಗಿದಳು, ಮತ್ತು ಅವಳಿಗೆ ಸಿಟ್ಟು ಆಗಾಗ ಬರುತ್ತಿತ್ತು.

ಊರಿಗೆ ಕಾಲರಾ ಬಂದಿತ್ತು. ನದಿಯಾಚೆಯ ಬಡಾವಣೆಗಳಲ್ಲಿ ಜನ ವಾಂತಿಭೇದಿಯಿಂದ ನೆಲ ಹಿಡಿದಿದ್ದರು. ಯಾವುದೋ ದೂರದ ದೇಶದ ದಾನಿಗಳು ಹಣ ಕಳಿಸುತ್ತಿದ್ದರು. ಆ ಹಣದಲ್ಲಿ ಒಂದು ಸಂಸ್ಥೆ ಶಾಲೆಯ ಆಟದ ಮೈದಾನದಲ್ಲಿ ದೊಡ್ಡ ಡೇರೆ ಹಾಕಿ, ಮಂಚ ಜೋಡಿಸಿ, ಡ್ರಿಪ್ ಬಾಟಲಿ ನೇತುಹಾಕಿ ಜನರನ್ನು ಉಳಿಸಿಕೊಳ್ಳುತ್ತಿತ್ತು. ಕೊಟ್ಟ ಹಣ ಏನಾಯಿತು, ಎಷ್ಟು ಜನ ಎದ್ದು ಮನೆಗೆ ಹೋದರು ಎಂದು ದಾನಿಗಳಿಗೆ ಪ್ರತಿ ತಿಂಗಳೂ ಬರೆದು ಒಪ್ಪಿಸಬೇಕಲ್ಲ, ಆ ಬರೆಯುವವನೇ ನಮ್ಮ ವರದಿಯಪ್ಪ. ಟೈರ್ ಅಂಗಡಿಯ ಮೇಲಿನ ರೂಮಿನಲ್ಲಿ, ಕೆಳಗಿನಿಂದ ಬರುವ ರಬ್ಬರ್ ವಾಸನೆಯಲ್ಲಿ ಕೂತು, ಅವನು ಕಾಲರಾವನ್ನು ಕಂಪ್ಯೂಟರಿನಲ್ಲಿ ಎದುರಿಸುತ್ತಿದ್ದ.

ಅವನ ಕೈಚಳಕ ಒಂದೇ. ಡೇರೆಯಿಂದ ಬರುವ ಗೋಳನ್ನು ದಾನಿಗಳ ಕಿವಿಗೆ ಹಿತವಾಗುವಂತೆ ತಿರುಗಿಸುವುದು. “ಟ್ಯಾಂಕರ್ ಇವತ್ತೂ ಬಂದಿಲ್ಲ, ಡ್ರೈವರ್ ಫೋನ್ ಎತ್ತುತ್ತಾ ಇಲ್ಲ” ಎಂದು ಮೆಸೇಜ್ ಬಂದರೆ, “ನೀರು ಸರಬರಾಜುದಾರರೊಂದಿಗಿನ ಸಂವಹನವನ್ನು ಬಲಪಡಿಸಲಾಗುತ್ತಿದೆ” ಎಂದು ಬರೆಯುತ್ತಿದ್ದ. ಒಮ್ಮೆ ಡೇರೆಗೆ ಮೇಕೆಗಳು ನುಗ್ಗಿ ಕೈತೊಳೆಯುವ ಬಗ್ಗೆ ಅಚ್ಚು ಹಾಕಿಸಿದ ಕರಪತ್ರಗಳನ್ನೆಲ್ಲ ತಿಂದುಹಾಕಿದವು. ವರದಿಯಲ್ಲಿ ಅದು “ಜಾಗೃತಿ ಕರಪತ್ರಗಳು ನಿರೀಕ್ಷೆಗೂ ಮೀರಿ ಬೇಗ ಖಾಲಿಯಾದವು” ಎಂದಾಯಿತು. ದಾನಿಗಳು ಖುಷಿಯಾಗಿ ಇನ್ನಷ್ಟು ಕರಪತ್ರಕ್ಕೆ ಒಪ್ಪಿಗೆ ಕೊಟ್ಟರು. ಮೇಕೆಗಳಿಗೂ ಖುಷಿಯಾಗಿರಬೇಕು.

ಈ ಚಾಳಿ ಮನೆಗೂ ಬಂದಿತ್ತು.

“ಹಾಲು ತಂದ್ರಾ?” ಎಂದು ಹೆಂಡತಿ ಕೇಳಿದರೆ, “ಆ ನಿಟ್ಟಿನಲ್ಲಿ ಪ್ರಕ್ರಿಯೆ ಶುರುವಾಗಿದೆ” ಅನ್ನುತ್ತಿದ್ದ.

“ಅಂದ್ರೆ ಚಪ್ಪಲಿ ಹಾಕ್ಕೊಂಡಿದೀರಿ, ಇನ್ನೂ ಬಾಗಿಲು ದಾಟಿಲ್ಲ.”

“ಭಾಗಶಃ ಸರಿ.”

“ಒಂದು ಮಾತಿಗೆ ನೆಟ್ಟಗೆ ಹೂಂ ಅಂತಲೋ ಊಹೂಂ ಅಂತಲೋ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಯಾವಾಗ್ಲೂ ಅಡ್ಡಗೋಡೆ ಮೇಲೆ ದೀಪ!”

ಅವನು ಡೇರೆಯ ಬಗ್ಗೆ ಅಷ್ಟೆಲ್ಲ ಬರೆದರೂ ಡೇರೆಯನ್ನು ಒಮ್ಮೆಯೂ ನೋಡಿರಲಿಲ್ಲ. ಹೋಗಲು ಯಾರೂ ಬೇಡ ಅಂದಿರಲಿಲ್ಲ. ಆದರೆ ವರದಿಯಪ್ಪನಿಗೆ ಯಾರಾದರೂ ವಾಂತಿ ಮಾಡುವುದನ್ನು ಕಂಡರೆ ತನಗೂ ಹೊಟ್ಟೆ ತೊಳಸುತ್ತಿತ್ತು. “ನಾನು ಅಲ್ಲಿಗೆ ಹೋದ್ರೆ ಇಲ್ಲಿ ಬರೆಯೋರ್ಯಾರು?” ಎಂದು ಹೇಳಿ ಟೈರ್ ಅಂಗಡಿಯ ಮೇಲೇ ಉಳಿದುಬಿಟ್ಟಿದ್ದ.

ಕಾಣದ ಡೇರೆಯನ್ನು ಬಣ್ಣಿಸುವುದು ಹೇಗೆ? ಹಳೆಯ ವರದಿಗಳಿದ್ದವಲ್ಲ. ಹಿಂದೆ ಯಾವಾಗಲೋ ಸಂಸ್ಥೆ ಕಣ್ಣಿನ ಆಪರೇಷನ್ ಶಿಬಿರ ನಡೆಸಿದಾಗಿನ ವರದಿಯೊಂದರಿಂದ ಅವನು ಒಂದು ವಾಕ್ಯವನ್ನು ಎತ್ತಿ ಕಾಲರಾ ವರದಿಗೆ ಅಂಟಿಸಿದ್ದ. “ರೋಗಿಗಳ ಮಾನ ಕಾಪಾಡುವ ದೃಷ್ಟಿಯಿಂದ ಮಂಚಗಳ ನಡುವೆ ಪರದೆ ಅಳವಡಿಸಲಾಗಿದೆ.” ದಾನಿಗಳಿಗೆ ಆ ವಾಕ್ಯ ಬಹಳ ಹಿಡಿಸಿತು. “ಪರದೆಯ ವಿಚಾರ ಓದಿ ಮನಸ್ಸು ತುಂಬಿ ಬಂತು” ಎಂದು ಬರೆದರು. ಮನಸ್ಸು ತುಂಬಿದ ಮೇಲೆ ತೆಗೆಯುವುದು ಹೇಗೆ? ಮುಂದಿನ ತಿಂಗಳು ತೆಗೆದರೆ ಪರದೆ ಎಲ್ಲಿ ಹೋಯಿತೆಂದು ಕೇಳುತ್ತಾರೆ. ಹೀಗಾಗಿ ಪರದೆ ತಿಂಗಳಿಂದ ತಿಂಗಳಿಗೆ ವರದಿಯಲ್ಲಿ ಮುಂದುವರಿಯುತ್ತಾ ಬಂತು. ಅದು ನಿಜವಾಗಿ ಇದೆಯೋ ಇಲ್ಲವೋ ಎಂದು ವರದಿಯಪ್ಪ ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟರೆ ಎಂಬ ಭಯ.

ಈ ವರದಿಗಳಿಗೆ ದೊಡ್ಡ ಅಭಿಮಾನಿಯೆಂದರೆ ಅವನ ಹೆಂಡತಿಯ ತಂದೆ. ನಿವೃತ್ತ ಹೆಡ್‌ಮಾಸ್ಟರ್. ಅಳಿಯ ಬರೆದ ಪ್ರತಿ ವರದಿಯ ಒಂದು ಪ್ರತಿಯನ್ನು ಕೇಳಿ ತರಿಸಿಕೊಂಡು, ಕನ್ನಡಕ ಏರಿಸಿ, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಅತ್ತೆ ತೂಕಡಿಸುತ್ತಾ ಕೇಳುತ್ತಿದ್ದರು, ಮನೆಗೆ ಬಂದುಹೋಗುವವರೂ ಕೇಳಬೇಕಿತ್ತು. ಚೆನ್ನಾಗಿದೆ ಅನ್ನಿಸಿದ ಸಾಲಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಅವರ ಪದ್ಧತಿ, ಮತ್ತು ಪರದೆಯ ಸಾಲಿಗೆ ಪ್ರತಿ ತಿಂಗಳೂ ಗೆರೆ ಬೀಳುತ್ತಿತ್ತು. “ಇದು ನೋಡು, ಇದು ಮನುಷ್ಯತ್ವ! ಔಷಧಿ ಯಾರಾದ್ರೂ ಕೊಡ್ತಾರೆ. ಮಾನ ಮುಚ್ಚೋರು ಎಲ್ಲಿದಾರೆ?” ಅನ್ನುತ್ತಿದ್ದರು.

ಮಾವ ಅಳಿಯಂದಿರ ನಡುವೆ ಮರ್ಯಾದೆ ಎಷ್ಟಿತ್ತೆಂದರೆ ಮಾತಿಗೆ ಜಾಗವೇ ಉಳಿದಿರಲಿಲ್ಲ. ಮಾವ “ಬನ್ನಿ ಅಳಿಯಂದಿರೇ” ಅನ್ನುವರು. ಇವನು “ಬಂದೆ ಮಾವ” ಅನ್ನುವನು. ಮಾವ “ಕೂತ್ಕೊಳ್ಳಿ” ಅನ್ನುವರು. ಇವನು “ಪರವಾಗಿಲ್ಲ, ನೀವು ಕೂತ್ಕೊಳ್ಳಿ” ಅನ್ನುವನು. ಕೊನೆಗೆ ಇಬ್ಬರೂ ನಿಂತೇ ಇರುವರು. ಮಾವನನ್ನು ಇವನು ತುಂಬುತೋಳಿನ ಅಂಗಿಯಿಲ್ಲದೆ ಕಂಡದ್ದಿಲ್ಲ, ಮಾವನ ಎದುರು ಇವನು ಜೋರಾಗಿ ಸೀನಿದ್ದೂ ಇಲ್ಲ. ಒಮ್ಮೆ ಸೀನು ಬಂದಾಗ ಹೊರಗೆ ಓಡಿಹೋಗಿ ಬೀದಿಯಲ್ಲಿ ಸೀನಿ ಬಂದಿದ್ದ.

ಆ ತಿಂಗಳ ಕೊನೆಗೆ ಅವನ ಕಾಂಟ್ರಾಕ್ಟ್ ಮುಗಿಯುವುದಿತ್ತು. ಡೈರೆಕ್ಟರ್ ಕರೆದು, “ನೋಡ್ರೀ, ಈ ಸಲದ ವರದಿ ದಾನಿಗಳಿಗೆ ಹಿಡಿಸಿದ್ರೆ ನಿಮ್ಮ ಕೆಲಸ ಮುಂದುವರಿಯುತ್ತೆ. ಹಿಡಿಸದಿದ್ರೆ ನಾನೇನೂ ಮಾಡೋಕಾಗಲ್ಲ. ಒಳ್ಳೆ ಫೋಟೋ ಹಾಕಿ, ಒಳ್ಳೆ ಯಶೋಗಾಥೆ ಬರೀರಿ. ಓದಿದೋರ ಕಣ್ಣಲ್ಲಿ ನೀರು ಬರ್ಬೇಕು” ಎಂದಿದ್ದರು. ಯಶೋಗಾಥೆ ಎಂದರೆ ವರದಿಯ ಕೊನೆಗೆ ಬರುವ, ಗುಣವಾದ ರೋಗಿಯೊಬ್ಬರ ಕಥೆ. ಅದಕ್ಕೂ ವರದಿಯಪ್ಪನೇ ಒಂದು ಪ್ರಶ್ನೆಪಟ್ಟಿ ಮಾಡಿಟ್ಟಿದ್ದ. ಮೊದಲು ಹೇಗಿದ್ದಿರಿ, ಈಗ ಹೇಗಿದ್ದೀರಿ, ಸಂಸ್ಥೆಗೆ ಏನು ಹೇಳಬಯಸುತ್ತೀರಿ. ಕೊನೆಯ ಪ್ರಶ್ನೆಯ ಕೆಳಗೆ ಉತ್ತರವನ್ನೂ ಅವನೇ ಬರೆದಿಟ್ಟಿದ್ದ, “ನನಗೆ ಹೊಸ ಜೀವ ಸಿಕ್ಕಿತು”.

ಈ ಚಿಂತೆಯಲ್ಲೇ ಅವನು ಒಂದು ಮಧ್ಯಾಹ್ನ ಮಾವನ ಮನೆಗೆ ಹೋದದ್ದು. ಬೀದಿ ತಿರುವಿನಲ್ಲೇ ಮಾವ ಸಿಕ್ಕರು. ಒಂದು ವಿದ್ಯುತ್ ಕಂಬದ ಹಿಂದೆ, ಕಂಬಕ್ಕಿಂತ ತಾವು ಅಗಲ ಎನ್ನುವುದನ್ನು ಮರೆತು, ಅವಿತು ನಿಂತಿದ್ದರು. ಕೈಯಲ್ಲಿ ಕೆಂಪು ಐಸ್‌ಕ್ಯಾಂಡಿ. ಪಕ್ಕದಲ್ಲಿ ತಳ್ಳುಗಾಡಿಯವನು ಗಂಟೆ ಬಾರಿಸುತ್ತಿದ್ದ. ಸಕ್ಕರೆ ಕಾಯಿಲೆಯೆಂದು ಅತ್ತೆ ಮನೆಯಲ್ಲಿ ಬೆಲ್ಲದ ಡಬ್ಬಿಗೂ ಬೀಗ ಹಾಕಿದ್ದರು.

ಅಳಿಯನನ್ನು ಕಂಡು ಮಾವನ ಮುಖ ಕ್ಯಾಂಡಿಯ ಬಣ್ಣಕ್ಕೆ ತಿರುಗಿತು. ಆದರೆ ಅಷ್ಟು ವರ್ಷ ಹೆಡ್‌ಮಾಸ್ಟರಾಗಿದ್ದವರು, ಸುಧಾರಿಸಿಕೊಂಡರು. “ಬನ್ನಿ ಅಳಿಯಂದಿರೇ” ಎಂದರು. ಇನ್ನೊಂದು ಕ್ಯಾಂಡಿ ತೆಗೆಸಿ ಅವನ ಕೈಗಿಟ್ಟರು.

ತಳ್ಳುಗಾಡಿಯ ಐಸು ತಿನ್ನಬಾರದು. ಅದು ಕರಪತ್ರದ ಎರಡನೆಯ ಸಾಲಿನಲ್ಲೇ ದಪ್ಪಕ್ಷರದಲ್ಲಿತ್ತು, ದಪ್ಪಕ್ಷರ ಮಾಡಿಸಿದವನೂ ವರದಿಯಪ್ಪನೇ. ಆದರೆ ಮಾವನವರು ಕೊಟ್ಟದ್ದನ್ನು ಬೇಡ ಅನ್ನುವುದೆಂದರೆ ಅವರು ತಿನ್ನುತ್ತಿರುವುದು ತಪ್ಪು ಎಂದು ಹೇಳಿದಂತೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದುಕೊಂಡು ಅವನೂ ಕಂಬದ ಹಿಂದೆ ಸೇರಿಕೊಂಡ. ಇಬ್ಬರೂ ಮಾತಿಲ್ಲದೆ ಕ್ಯಾಂಡಿ ಚೀಪಿದರು. ಆಮೇಲೆ ಮಾವ ಕರವಸ್ತ್ರದಲ್ಲಿ ಮೊದಲು ಅಳಿಯನ ಕೆಂಪಾದ ತುಟಿಯ ಕಡೆ ತೋರಿಸಿ ಸನ್ನೆ ಮಾಡಿ, ಆಮೇಲೆ ತಮ್ಮದನ್ನು ಒರೆಸಿಕೊಂಡರು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಜೊತೆಯಾಗಿ ಮಾಡಿದ ಮೊದಲ ಕೆಲಸ ಅದು.

ಮಾರನೆಯ ದಿನ ಹೊಟ್ಟೆ ಗುಡುಗಿತು. ಸಂಜೆಯ ಹೊತ್ತಿಗೆ ವರದಿಯಪ್ಪನ ಕಣ್ಣು ಒಳಗೆ ಹೋಗಿ, ಕಾಲು ಸೆಟೆದುಕೊಂಡು, ಹೆಂಡತಿ ಕೂಗಿ ಆಟೋ ಕರೆಸಿದಳು. ಜೀವ ಬಾಯಿಗೆ ಬಂದಿತ್ತು. ಮುಂದೆ ಏನಾಯಿತೆಂದು ಅವನಿಗೆ ಸರಿಯಾಗಿ ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಬಿಳಿ ಬಟ್ಟೆಯ ಚಾವಣಿಯಿಂದ ಸೋಸಿ ಬರುತ್ತಿತ್ತು. ಕೈಗೆ ಡ್ರಿಪ್. ತಾನು ಬರೆಯುತ್ತಿದ್ದ ಡೇರೆಯೊಳಗೇ ತಾನು ಮಲಗಿದ್ದೇನೆಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕಾಲರಾ ಮಂಚದ ಬಗ್ಗೆ ಅವನು ಎಷ್ಟೋ ಸಲ ಬರೆದಿದ್ದ, “ವಿಶೇಷ ವಿನ್ಯಾಸದ ಮಂಚಗಳು” ಎಂದು. ಆ ವಿಶೇಷ ಏನೆಂದು ಈಗ ತಿಳಿಯಿತು. ಮಂಚದ ನಡುವೆ ಒಂದು ತೂತು. ತೂತಿನ ಕೆಳಗೆ ಒಂದು ಬಕೆಟ್. ರೋಗಿ ಏಳುವ ಹಾಗಿಲ್ಲ, ಏಳುವ ಶಕ್ತಿಯೂ ಇರುವುದಿಲ್ಲ. ಮೈಮೇಲೆ ಒಂದು ಅಂಗಿ, ಅದು ಹಿಂದೆ ಕಟ್ಟುವಂಥದ್ದು, ಕಟ್ಟುವ ದಾರ ಕಿತ್ತುಹೋಗಿತ್ತು. ಮಿಕ್ಕಿದ್ದೆಲ್ಲ ತೂತಿಗೂ ಲೋಕಕ್ಕೂ ಬಿಟ್ಟದ್ದು.

ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ನಡುವೆ ಒಂದು ಟಾರ್ಪಾಲು ಇತ್ತು. ಮಂಚ ಮಂಚದ ನಡುವೆ ಏನೂ ಇರಲಿಲ್ಲ. ಅವನು ಮೆಲ್ಲಗೆ ತಲೆ ಹೊರಳಿಸಿದ. ಪಕ್ಕದ ಮಂಚದಲ್ಲಿ, ಅದೇ ಕಿತ್ತ ದಾರದ ಅಂಗಿಯಲ್ಲಿ, ಅದೇ ತೂತಿನ ಮೇಲೆ, ಮಾವನವರು.

ಇಬ್ಬರೂ ಒಂದೇ ಸಲ ಚಾವಣಿ ನೋಡತೊಡಗಿದರು.

ಮಾತಾಡದೆ ಇರೋಣವೆಂದರೆ ಹೊಟ್ಟೆ ಬಿಡಬೇಕಲ್ಲ. ಆ ಬಕೆಟ್ಟುಗಳು ತಗಡಿನವು. ಒಂದು ಕಡೆ ಸದ್ದಾದರೆ ಇನ್ನೊಂದು ಕಡೆಯವರು ಕೆಮ್ಮುವುದು, ಕೇಳಿಸಲೇ ಇಲ್ಲವೆಂಬಂತೆ ನಟಿಸುವುದು, ಹೀಗೆ ಆ ದಿನ ಕಳೆಯಿತು. ಬೀದಿಗೆ ಓಡಿ ಸೀನಿ ಬಂದವನಿಗೆ ಆ ದಿನ ಓಡಲು ಬೀದಿಯಿರಲಿಲ್ಲ. ಮಾವನಿಗೆ ಅಷ್ಟರಲ್ಲೂ ಉಪಚಾರ. “ಹೇಗಿದೀರಿ ಅಳಿಯಂದಿರೇ?” ಎಂದು ಚಾವಣಿಯನ್ನು ಕೇಳಿದರು.

“ಚೆನ್ನಾಗಿದೀನಿ ಮಾವ. ನೀವು ಹೇಗಿದೀರಿ?” ಎಂದು ಇವನೂ ಚಾವಣಿಗೇ ಹೇಳಿದ.

ಮಾವ ಮತ್ತೆ ಕೇಳಿದರು. “ಅಲ್ಲಾ, ನಿಮ್ಮ ವರದಿಯಲ್ಲಿ ಮಂಚದ ಮಧ್ಯೆ ಪರದೆ ಇತ್ತಲ್ಲಾ. ತೊಳೆಯೋಕೆ ತಗೊಂಡು ಹೋಗಿರ್ಬೇಕು, ಅಲ್ವಾ?”

ವರದಿಯಪ್ಪ ಬಾಯಿ ತೆರೆಯುವ ಮೊದಲೇ ನರ್ಸಮ್ಮ ಅಲ್ಲಿ ನಿಂತಿದ್ದಳು. ನಡುವಯಸ್ಸಿನ ಗಟ್ಟಿಗಿತ್ತಿ, ಮೊಣಕಾಲವರೆಗೆ ರಬ್ಬರ್ ಬೂಟು, ಕೈಯಲ್ಲಿ ಬ್ಲೀಚಿಂಗ್ ನೀರಿನ ಪಂಪು. ಅದನ್ನು ಕೋವಿ ಹಿಡಿದಂತೆ ಹಿಡಿಯುತ್ತಿದ್ದಳು.

“ಪರದೆ!” ಎಂದಳು. “ಪರದೆ ಬೇಕು ಅಂತ ನಾನು ಕೇಳಿ ಕೇಳಿ ಸಾಕಾಯ್ತು ಅಜ್ಜಾ. ಪ್ರತಿ ಸಲ ಖರೀದಿ ವಿಭಾಗದೋನು ಅದೇ ಹಾಡು. ‘ವರದಿ ಪ್ರಕಾರ ಪರದೆ ಇದೆ, ಇರೋ ವಸ್ತುನ ಮತ್ತೆ ಕೊಂಡ್ರೆ ಆಡಿಟ್‌ನೋರು ನನ್ನ ಕತ್ತು ಹಿಡೀತಾರೆ’ ಅಂತಾನೆ. ಯಾವನೋ ಪುಣ್ಯಾತ್ಮ ಕೂತಲ್ಲೇ ಕೂತು ಪರದೆ ಇದೆ ಅಂತ ಬರೆದುಬಿಟ್ಟಿದಾನೆ. ಅವನು ಹಾಗೆ ಬರೀದೇ ಇದ್ದಿದ್ರೆ ಇಷ್ಟೊತ್ತಿಗೆ ಪರದೆ ಬಂದು ನಿಂತಿರೋದು. ಅವನೊಂದು ಸಲ ನನ್ನ ಕೈಗೆ ಸಿಗ್ಬೇಕು!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವರದಿಯಪ್ಪನ ಒಂದು ಕೈಗೆ ಡ್ರಿಪ್ ಇತ್ತು, ಇನ್ನೊಂದು ಕೈಯಿಂದ ಅಂಗಿಯ ಕೊರಳನ್ನು ಮೂಗಿನವರೆಗೆ ಎಳೆದುಕೊಂಡ. ಮಾವ ಏನನ್ನೂ ಮುಚ್ಚಿಟ್ಟು ಅಭ್ಯಾಸವಿಲ್ಲದವರು, ಐಸ್‌ಕ್ಯಾಂಡಿ ಒಂದನ್ನು ಬಿಟ್ಟು. “ಅದನ್ನ ಬರೆದೋರು ಇವರೇ, ನಮ್ಮ ಅಳಿಯಂದಿರು” ಎಂದುಬಿಟ್ಟರು. ಅವರ ದನಿಯಲ್ಲಿ ಹಳೆಯ ಹೆಮ್ಮೆ ಅರ್ಧ ಇತ್ತು. ಉಳಿದರ್ಧ ಏನೆಂದು ಅವರಿಗೇ ಗೊತ್ತಿರಲಿಲ್ಲ.

ನರ್ಸಮ್ಮ ಪಂಪನ್ನು ಕೆಳಗಿಟ್ಟಳು. ವರದಿಯಪ್ಪನನ್ನು ತಲೆಯಿಂದ ಕಾಲವರೆಗೆ ನೋಡಿದಳು, ತೂತನ್ನೂ ಸೇರಿಸಿ. ಬೈಯುತ್ತಾಳೆಂದು ಅವನು ಕಣ್ಣು ಮುಚ್ಚಿದ. ಅವಳು ಬೈಯಲಿಲ್ಲ. ಡ್ರಿಪ್ ಸರಿಮಾಡಿ, ಉಪ್ಪು ಸಕ್ಕರೆ ನೀರಿನ ಲೋಟ ಕೈಗಿಟ್ಟು, “ಕುಡೀರಿ ಸಾರ್. ಬೇಗ ಗುಣ ಆಗಿ. ನಿಮ್ಮಿಂದ ಕೆಲಸ ಇದೆ” ಎಂದಳು. ಅದನ್ನು ಕೇಳಿ ಅವನು ಲೋಟವನ್ನು ಒಂದೇ ಉಸಿರಿಗೆ ಖಾಲಿ ಮಾಡಿದ.

ಕಾಲರಾ ಬಂದಷ್ಟೇ ಬೇಗ ಹೋಗುವ ರೋಗ, ನೀರು ಒಳಗೆ ಹೋದರೆ. ಮಾವನೂ ಅಳಿಯನೂ ಕಾಲೂರಿ ನಿಲ್ಲುವಂತಾದ ಬೆಳಿಗ್ಗೆ ನರ್ಸಮ್ಮ ಒಂದು ಮಾಸಿದ ಹೂವಿನ ಬೆಡ್‌ಶೀಟ್ ತಂದು ಇಬ್ಬರ ಕೈಗೂ ಒಂದೊಂದು ಮೂಲೆ ಕೊಟ್ಟಳು.

“ಪರದೆ ಇದೆ ಅಂತ ಬರೆದಿದೀರಲ್ಲ, ಆಗಿ ಪರದೆ” ಎಂದಳು. “ನನ್ಹತ್ರ ಇರೋದು ಇದೊಂದೇ ಹೆಚ್ಚಿನ ಶೀಟು. ಯಾರಿಗೆ ಅರ್ಜೆಂಟೋ ಅವರ ಮಂಚದ ಹತ್ರ ಹೋಗಿ ಹಿಡ್ಕೊಂಡು ನಿಲ್ಲಿ. ಮುಖ ಆ ಕಡೆ.”

“ಹಗ್ಗಕ್ಕೆ ಕಟ್ಟಿದ್ರೆ ಆಗಲ್ವಾ ಸಿಸ್ಟರ್?” ಎಂದ ವರದಿಯಪ್ಪ ಸಣ್ಣ ದನಿಯಲ್ಲಿ.

“ಒಂದು ಶೀಟನ್ನ ಎಷ್ಟು ಮಂಚಕ್ಕೆ ಕಟ್ಟಲಿ? ಮನೆ ಬಟ್ಟೆ ತರಿಸಿದ್ರೆ ಬ್ಲೀಚಿಂಗ್ ನೀರಿಗೆ ನಾಲ್ಕು ದಿನಕ್ಕೇ ಪುಡಿ ಪುಡಿ. ತೊಳೆಯೋಕಾಗೋ ಪ್ಲಾಸ್ಟಿಕ್ ಪರದೆ ಬೇಕು, ಚಕ್ರ ಇರೋ ಸ್ಟ್ಯಾಂಡ್ ಬೇಕು. ಅದೆಲ್ಲ ಆಗಲೇ ಇದೆಯಲ್ಲ, ನಿಮ್ಮ ವರದಿಯಲ್ಲಿ!”

ಮಾಡಿದ್ದುಣ್ಣೋ ಮಹಾರಾಯ. ಮಾವ ಅಳಿಯ ಇಬ್ಬರೂ ಬೆಡ್‌ಶೀಟಿನ ಎರಡು ತುದಿ ಎತ್ತಿ ಹಿಡಿದು ಡೇರೆಯ ತುಂಬ ಓಡಾಡಿದರು. “ಪರದೇ!” ಎಂದು ಯಾರಾದರೂ ನರಳಿದರೆ ಇಬ್ಬರೂ ಎಡಗಾಲು ಬಲಗಾಲು ಒಂದಾಗಿ ಇಟ್ಟು ಅತ್ತ ಧಾವಿಸುವುದು, ಅಷ್ಟರಲ್ಲಿ ಇನ್ನೊಂದು ಮೂಲೆಯಿಂದ “ಇಲ್ಲಿ ಪರದೇ!” ಎಂದು ಕೂಗು ಬರುವುದು. ಮಾವ ಆ ಕಡೆ, ಅಳಿಯ ಈ ಕಡೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ ಬೆಡ್‌ಶೀಟು ಹರಿಯುವ ಹಾಗಾಗುವುದು. ಕೊನೆಗೆ ಮಾವ ಹೆಡ್‌ಮಾಸ್ಟರಿಕೆ ತೆಗೆದರು. ಕೈ ಎತ್ತಿ ಸರದಿಯಲ್ಲಿ ಕೇಳಬೇಕೆಂದು ನಿಯಮ ಮಾಡಿದರು. ಆದರೆ ಆ ರೋಗ ಸರದಿಯನ್ನು ಕೇಳುವಂಥದ್ದಲ್ಲ, ನಿಯಮ ಮಧ್ಯಾಹ್ನದೊಳಗೆ ಮುರಿದುಬಿತ್ತು.

ಒಬ್ಬ ಬಡಗಿ ಇದ್ದ, ಮುಖ ಕೆಡಿಸಿಕೊಂಡು ಯಾರೊಂದಿಗೂ ಮಾತಾಡದವನು. ಅವನ ಮಂಚದ ಮುಂದೆ ಇವರು ಬೆಡ್‌ಶೀಟ್ ಎತ್ತಿ ಬೆನ್ನು ತಿರುಗಿಸಿ ನಿಂತರು. ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ “ಆಯ್ತು ಅಣ್ಣಾ. ದೊಡ್ಡ ಉಪಕಾರ ಆಯ್ತು” ಎಂದು ದನಿ ಬಂತು. ಔಷಧಿ ಕೊಟ್ಟಾಗಲೂ ಅವನು ಅಷ್ಟು ಹೇಳಿರಲಿಲ್ಲವಂತೆ. ತನ್ನ ಒಂದು ವಾಕ್ಯಕ್ಕೆ ಇಷ್ಟು ಭಾರವಿದೆಯೆಂದು ತೋಳು ನೋಯುವವರೆಗೆ ವರದಿಯಪ್ಪನಿಗೆ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಫೋಟೋ ಅಕ್ಕ ಬಂದಳು. ಯಶೋಗಾಥೆಗೆ ಫೋಟೋ ತೆಗೆದು ಆಫೀಸಿಗೆ ಕಳಿಸುವ ಕೆಲಸ ಅವಳದು. ಬೆಡ್‌ಶೀಟ್ ಹಿಡಿದ ಇಬ್ಬರನ್ನು ಕಂಡು ಅವಳ ಕಣ್ಣು ಅರಳಿತು. ಒಬ್ಬ ಯಾರೆಂದು ಗುರುತಾದಾಗ ನಗು ತಡೆಯದೆ ಡೇರೆಯ ಕಂಬ ಹಿಡಿದುಕೊಂಡಳು. ಆಮೇಲೆ ಪ್ರಶ್ನೆಪಟ್ಟಿ ತೆಗೆದಳು.

“ಮೊದಲು ಹೇಗಿದ್ರಿ?”

“ಅಕ್ಕಾ, ಆ ಪ್ರಶ್ನೆ ನಾನೇ ಬರೆದಿದ್ದು.”

“ಗೊತ್ತು. ನಿಯಮ ನಿಯಮ. ಈಗ ಹೇಗಿದೀರಿ?”

“ಪರದೆಯಾಗಿದೀನಿ.”

“ಸಂಸ್ಥೆಗೆ ಏನು ಹೇಳಬಯಸುತ್ತೀರಿ? ಹೊಸ ಜೀವ ಅಂತ ಹಾಕ್ಕೊಳ್ಲಾ?”

ಮಾವ ಮಧ್ಯೆ ಬಾಯಿ ಹಾಕಿ, “ಆ ಅಂಗಿಗಳಿಗೆ ದಾರ ಹೊಲಿಸಿ ಅಂತ ಹಾಕ್ಕೊಳ್ಳಮ್ಮಾ” ಎಂದರು. ಅವಳು ಫೋಟೋ ತೆಗೆದುಕೊಂಡು ಹೋದಳು.

ವರದಿಯಪ್ಪ ಮನೆಗೆ ಬಂದ, ಆಫೀಸಿಗೂ ಹೋದ. ವರದಿ ಕಳಿಸುವ ದಿನ ಹತ್ತಿರವಾಗಿತ್ತು. ಪರದೆಯ ವಾಕ್ಯದ ಮುಂದೆ ಕೂತು ಬಹಳ ಹೊತ್ತು ಕಂಪ್ಯೂಟರ್ ನೋಡಿದ. ಇಲ್ಲವೆಂದು ಬರೆದರೆ, ಇಷ್ಟು ತಿಂಗಳು ಇದೆಯೆಂದು ಬರೆದದ್ದೇನು ಎಂದು ದಾನಿಗಳು ಕೇಳುತ್ತಾರೆ. ಕೆಲಸಕ್ಕೆ ಕಲ್ಲು ಬಿದ್ದಂತೆಯೇ. ಇದೆಯೆಂದು ಬರೆದರೆ ನರ್ಸಮ್ಮನ ರಬ್ಬರ್ ಬೂಟು ಕಣ್ಣ ಮುಂದೆ ಬರುತ್ತದೆ. ಕೊನೆಗೆ ಹಳೆಯ ಕೈಚಳಕವೇ ಕೈಹಿಡಿಯಿತು. “ಪರದೆ ವ್ಯವಸ್ಥೆಯನ್ನು ಸ್ಥಳೀಯ ಸಮುದಾಯವೇ ಸ್ವಯಂಪ್ರೇರಣೆಯಿಂದ ಎತ್ತಿ ಹಿಡಿದಿದೆ” ಎಂದು ಬರೆದು ಕೆಳಗೆ ಫೋಟೋ ಹಾಕಿದ. ಒಂದಕ್ಷರವೂ ಸುಳ್ಳಲ್ಲ. ಫೋಟೋದಲ್ಲೇ ಕಾಣುತ್ತಿತ್ತಲ್ಲ, ಎತ್ತಿ ಹಿಡಿದದ್ದು. ಸ್ವಯಂಪ್ರೇರಣೆ ಅನ್ನುವುದೊಂದು ಸ್ವಲ್ಪ ಎಳೆದಂತಾಗಿತ್ತು, ಅಷ್ಟೇ.

ಡೈರೆಕ್ಟರ್ ಓದಿ ಕುಣಿದಾಡುವುದೊಂದು ಬಾಕಿ. ಕರಡನ್ನು ಆಗಲೇ ದಾನಿಗಳಿಗೆ ಕಳಿಸಿದರು. ದಾನಿಗಳು ಇನ್ನೂ ಖುಷಿಯಾದರು. ಎಂಥ ಹೊಸ ಉಪಾಯ, ಎಂಥ ಸಮುದಾಯ! ಈ ಫೋಟೋವನ್ನು ನಮ್ಮ ಗೋಡೆ ಕ್ಯಾಲೆಂಡರಿಗೆ ಹಾಕಬಹುದೇ? ಬೇರೆ ಡೇರೆಗಳಲ್ಲೂ ಇಂಥ ಜೋಡಿಗಳನ್ನು ತಯಾರು ಮಾಡಬಹುದೇ, ಅದಕ್ಕೆ ಎಷ್ಟು ದಿನದ ತರಬೇತಿ ಬೇಕು? ಡೈರೆಕ್ಟರ್ ವರದಿಯಪ್ಪನ ಬೆನ್ನು ತಟ್ಟಿ, “ನಾಳೆ ಕೊನೇ ಪ್ರತಿ ತನ್ನಿ, ಸಹಿ ಹಾಕಿ ಕಳಿಸಿಬಿಡ್ತೀನಿ. ನಿಮ್ಮ ಕಾಂಟ್ರಾಕ್ಟೂ ರೆಡಿ ಇದೆ” ಎಂದರು. ಖರೀದಿ ವಿಭಾಗದವನು ಬಾಗಿಲಲ್ಲಿ ತಲೆ ಹಾಕಿ, “ಆ ನರ್ಸಮ್ಮ ಮತ್ತೆ ಪರದೆ ಕೇಳಿದ್ರು. ಈಗ ಫೋಟೋ ಬೇರೆ ಇದೆ ತಾಯೀ ಅಂತ ಹೇಳಿ ಕಳಿಸಿದೆ” ಎಂದು ನಗುತ್ತಾ ಹೋದ. ವರದಿಯಪ್ಪನೂ ನಗಲು ನೋಡಿದ. ಇಂಗು ತಿಂದ ಮಂಗನಂತೆ ಆಯಿತು ಮುಖ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಹಿಡಿದಳು.

“ರೀ, ಅಪ್ಪಂಗೆ ಸ್ವಲ್ಪ ಬುದ್ಧಿ ಹೇಳಿ. ಅಮ್ಮ ಫೋನಲ್ಲಿ ಅಳ್ತಾ ಇದ್ರು. ದಿನಾ ಬೆಳಿಗ್ಗೆ ತಿಂಡಿ ತಿಂದು, ಇಸ್ತ್ರಿ ಅಂಗಿ ಹಾಕ್ಕೊಂಡು, ಆ ಡೇರೆಗೆ ಹೋಗ್ತಾರಂತೆ. ಸಂಜೆ ತನಕ ಬೆಡ್‌ಶೀಟ್ ಹಿಡ್ಕೊಂಡು ನಿಂತು ಬರ್ತಾರಂತೆ. ಇನ್ನೂ ಮೈಯಲ್ಲಿ ಶಕ್ತಿ ಬಂದಿಲ್ಲ, ತೋಳು ಎತ್ತಿ ತಲೆ ಬಾಚೋಕಾಗ್ತಿಲ್ಲ. ಯಾಕೆ ಅಂದ್ರೆ ಹೇಳೋದೂ ಇಲ್ಲ!”

ವರದಿಯಪ್ಪ ಚಪ್ಪಲಿಯನ್ನೂ ಬಿಡದೆ ತಿರುಗಿ ಹೊರಟ. ಪ್ರಕ್ರಿಯೆ ಗಿಕ್ರಿಯೆ ಏನೂ ಅನ್ನಲಿಲ್ಲ.

ಡೇರೆಯಲ್ಲಿ ಹೊಸ ರೋಗಿಯೊಬ್ಬನ ಮಂಚದ ಮುಂದೆ ಮಾವ ನಿಂತಿದ್ದರು. ಜೊತೆಗೆ ಯಾರೂ ಇಲ್ಲ. ಬೆಡ್‌ಶೀಟಿನ ಒಂದು ಮೂಲೆಯನ್ನು ಡ್ರಿಪ್ಪಿನ ಕಂಬಿಗೆ ಸಿಕ್ಕಿಸಿ, ಇನ್ನೊಂದು ಮೂಲೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದರು. ತುಂಬುತೋಳಿನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನರ್ಸಮ್ಮ ಇವನನ್ನು ನೋಡಿ, “ಬೇಡ ಅಂದ್ರೂ ಕೇಳಲ್ಲ ಸಾರ್. ಕುರ್ಚಿ ಕೊಟ್ರೆ, ಕೂತ್ರೆ ಪರದೆ ಗಿಡ್ಡ ಆಗುತ್ತೆ ಅಂತಾರೆ” ಎಂದಳು.

“ಮಾವ, ಯಾಕೆ ಇದೆಲ್ಲ? ನಿಮ್ಮ ಮೈ ಇನ್ನೂ ಸರಿಹೋಗಿಲ್ಲ” ಎಂದ ವರದಿಯಪ್ಪ.

ಮಾವ ಅವನ ಕಡೆ ತಿರುಗಲಿಲ್ಲ, ತಿರುಗಿದರೆ ಪರದೆ ಜಾರುತ್ತದಲ್ಲ. “ಹೊಸ ವರದಿಯ ಕರಡು ತರಿಸಿ ಓದಿದೆ” ಎಂದರು. “ಚೆನ್ನಾಗಿ ಬರೆದಿದೀರಿ. ಸಮುದಾಯ ಎತ್ತಿ ಹಿಡಿದಿದೆ ಅಂತ. ನೀವು ಆಫೀಸಿಗೆ ಹೋಗ್ಬೇಕು. ಬೇರೆಯವರು ಗುಣ ಆದ್ಮೇಲೆ ಈ ಕಡೆ ತಲೆ ಹಾಕಲ್ಲ. ನಾನೂ ಬರದಿದ್ರೆ ನಿಮ್ಮ ವರದಿ ಸುಳ್ಳಾಗುತ್ತಲ್ಲ ಅಳಿಯಂದಿರೇ. ಅಷ್ಟು ಜನರಿಗೆ ಓದಿ ಹೇಳಿದೀನಿ ನಾನು.”

ವರದಿಯಪ್ಪ ಮುಖ ಮುಚ್ಚಿಕೊಳ್ಳೋಣವೆಂದರೆ ಅಲ್ಲಿದ್ದ ಒಂದೇ ಬಟ್ಟೆ ಮಾವನ ಕೈಯಲ್ಲಿತ್ತು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಕಂಬಿಗೆ ಸಿಕ್ಕಿಸಿದ ಮೂಲೆಯನ್ನು ಬಿಡಿಸಿ ತಾನು ಹಿಡಿದ. ಮಂಚದವನ ಕೆಲಸ ಮುಗಿಯುವವರೆಗೆ ಇಬ್ಬರೂ ನಿಂತರು.

ಮಾರನೆಯ ದಿನ ಆಫೀಸಿನಲ್ಲಿ ಅವನು ಕೊನೆಯ ಪ್ರತಿಯನ್ನು ಡೈರೆಕ್ಟರ್ ಮೇಜಿನ ಮೇಲಿಟ್ಟ. ಡೈರೆಕ್ಟರ್ ಪೆನ್ನಿನ ಮುಚ್ಚಳ ತೆಗೆದವರು, ಒಂದು ಕಡೆ ಕಣ್ಣು ನಿಂತು, ಹಾಗೇ ಉಳಿದರು. ಎತ್ತಿ ಹಿಡಿದ ಸಮುದಾಯದ ಸಾಲು ಹೋಗಿತ್ತು. ಅಲ್ಲಿ ಹೀಗಿತ್ತು.

“ತಿದ್ದುಪಡಿ. ಮಂಚಗಳ ನಡುವೆ ಪರದೆ ಇಲ್ಲ, ಹಿಂದೆಯೂ ಇರಲಿಲ್ಲ. ನೋಡದೆ ಬರೆದವನು ನಾನು. ಆಮೇಲೆ ಅಲ್ಲೇ ಮಲಗಿ ನೋಡಿದೆ. ಫೋಟೋದಲ್ಲಿ ಕಾಣುವುದು ಪರದೆಯಲ್ಲ, ನನ್ನ ಮಾವನವರು. ಅವರಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆಯಿದೆ, ಬೇರೆ ಡೇರೆಗಳಿಗೆ ಕಳಿಸಲು ಇನ್ನೊಬ್ಬರಿಲ್ಲ. ದಯವಿಟ್ಟು ಪರದೆ ಕೊಳ್ಳಲು ಅನುಮತಿ ಕೊಡಿ.”

“ಇದನ್ನ ಹೀಗೇ ಕಳಿಸೋದಾ?” ಎಂದರು ಡೈರೆಕ್ಟರ್.

“ಹೂಂ” ಎಂದ ವರದಿಯಪ್ಪ. ಒಂದೇ ಮಾತು, ಹೆಂಡತಿ ಕೇಳಿಸಿಕೊಂಡಿದ್ದರೆ ಖುಷಿಪಡುತ್ತಿದ್ದಳು.

ದಾನಿಗಳಿಂದ ಬಂದ ಉತ್ತರ ಖಾರವಾಗಿಯೇ ಇತ್ತು. ವಿವರಣೆ ಕೇಳಿದರು, ವಿವರಣೆಗೆ ವಿವರಣೆ ಕೇಳಿದರು. ಕ್ಯಾಲೆಂಡರಿನ ಮಾತು ಮತ್ತೆ ಎತ್ತಲಿಲ್ಲ, ಆದರೆ ಪರದೆಗೆ ಒಪ್ಪಿಗೆ ಕೊಟ್ಟರು. ಡೈರೆಕ್ಟರ್ ವರದಿಯಪ್ಪನ ಕಾಂಟ್ರಾಕ್ಟನ್ನು ಮುಂದುವರಿಸಿದರು, ಆದರೆ ವರದಿ ಬರೆಯುವುದಕ್ಕಲ್ಲ. ಡೇರೆಯ ಸಾಮಾನು ನೋಡಿಕೊಳ್ಳುವುದಕ್ಕೆ, ಸಂಬಳ ಇಳಿಸಿ. ವಾಂತಿ ಕಂಡರೆ ಅವನಿಗೆ ಈಗಲೂ ಹೊಟ್ಟೆ ತೊಳಸುತ್ತದೆ, ಆದರೆ ಓಡಿಹೋಗುವುದಿಲ್ಲ. ಅವನ ಬದಲು ಬರೆಯುವವಳು ದಿನಕ್ಕೊಮ್ಮೆ ಫೋನ್ ಮಾಡಿ, “ಅದು ನಿಜವಾಗ್ಲೂ ಇದೆಯಾ ಸಾರ್? ನೀವು ಕಣ್ಣಾರೆ ನೋಡಿದ್ರಾ?” ಎಂದು ಪ್ರಾಣ ಹಿಂಡುತ್ತಾಳೆ.

ಪರದೆಗಳು ಒಂದು ಬೆಳಿಗ್ಗೆ ಟೆಂಪೋದಲ್ಲಿ ಬಂದವು. ಹಸಿರು ಪ್ಲಾಸ್ಟಿಕ್ಕು, ಚಕ್ರದ ಸ್ಟ್ಯಾಂಡು. ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಎಂದಿನಂತೆ ಬಂದಿದ್ದರು. ಒಂದೊಂದು ಸ್ಟ್ಯಾಂಡನ್ನೂ ಅಲ್ಲಾಡಿಸಿ, ಹಿಂದೆ ನಿಂತು ಮುಂದೆ ನಿಂತು ಏನಾದರೂ ಕಾಣುತ್ತದೆಯೋ ಎಂದು ಇಣುಕಿ, “ಪಾಸ್” ಎಂದರು. ಎಲ್ಲ ಪಾಸಾದ ಮೇಲೆ ಅವರ ಕೈಯೇ ಖಾಲಿಯಾದಂತೆ ಕಂಡಿತು. ನರ್ಸಮ್ಮ ಆ ಹೂವಿನ ಬೆಡ್‌ಶೀಟನ್ನು ಒಗೆದು ಒಣಗಿಸಿ ತಂದುಕೊಟ್ಟಳು.

ಅಷ್ಟು ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಮಾವ ಎರಡು ಮೂಲೆ ಹಿಡಿದರು, ಅಳಿಯ ಎರಡು ಮೂಲೆ ಹಿಡಿದ. ಕೊಡವಿ, ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಪ್ರತಿ ಮಡಿಕೆಗೂ ಒಂದೊಂದು ಹೆಜ್ಜೆ ಹತ್ತಿರ ಬಂದರು. ವರದಿಯಪ್ಪನ ಕೈಯಿಂದ ಒಂದು ತುದಿ ಜಾರಿತು.

“ಮೂಲೆ ನೆಟ್ಟಗೆ ಹಿಡ್ಕೊಳೋ” ಎಂದರು ಮಾವ.

ಅವರು ಅವನನ್ನು ಹಾಗೆ ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ವರದಿಯಪ್ಪ ಮೂಲೆಯನ್ನು ನೆಟ್ಟಗೆ ಹಿಡಿದ.